ತಮಟೆ ಕಾಯಿಸುವ ಪಾಠ

ಹೊಸೂರಿನ ಬಸ್ ನಿಲ್ದಾಣದಲ್ಲಿ ಫ್ಯಾಕ್ಟರಿಯ ನೀಲಿ ಅಂಗಿ ತೊಟ್ಟವನೊಬ್ಬ ನನ್ನೆದುರು ಬಂದು ನಿಂತ.

"ಗುರ್ತು ಸಿಗ್ಲಿಲ್ವಾ ಸಾರ್? ಒಂಬತ್ತನೇ ಕ್ಲಾಸು, ಕನ್ನಡ ಸೆಕ್ಷನ್ನು. ಕೊನೇ ಬೆಂಚು."

ಗುರುತು ಸಿಕ್ಕಿತು. ಅವನು ಊಟದ ಡಬ್ಬಿಯ ಚೀಲವನ್ನು ಕೆಳಗಿಟ್ಟು, "ನಮ್ಮ ಇಂಗ್ಲಿಷ್ ಮೇಷ್ಟ್ರು ಹೋಗ್ಬುಟ್ರು ಸಾರ್. ಮೊನ್ನೆ ಸೋಮವಾರ" ಎಂದ. ಅವನು ಮುಂದುವರಿಸಿದ. "ಹಿಂದಿನ್ ವಾರ ನೋಡಕ್ ಹೋಗಿದ್ದೆ. ಮಲಗಿದ್ದೋರು ಕಣ್ಬಿಟ್ಟು, ನೋಟ್‌ಬುಕ್ ಮಡ್ಗಿದ್ದೀಯೇನ್ಲಾ ಅಂದ್ರು. ಮಡ್ಗಿದ್ದೀನಿ ಸಾರ್ ಅಂದೆ. ಬಳಕೆ ಕಾಲಂ ತುಂಬೈತಾ ಅಂದ್ರು."

ನನ್ನ ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ.

ಅವರ ಪೂರ್ತಿ ಬಾಳು ನನಗೆ ಗೊತ್ತಿಲ್ಲ. ಮೂರು ವರ್ಷ ಒಂದೇ ಶಾಲೆಯಲ್ಲಿದ್ದೆವು, ಅಷ್ಟೇ. ಕಂಡದ್ದನ್ನು ಕಂಡಷ್ಟು ಬರೆಯುತ್ತೇನೆ. ಅದರಲ್ಲಿ ನಾನು ಚೆನ್ನಾಗಿ ಕಾಣದ ಜಾಗಗಳಿವೆ, ಅವನ್ನೂ ಬಿಡುವುದಿಲ್ಲ.

ಅದು ಎಪ್ಪತ್ತರ ದಶಕದ ಕೊನೆ. ಹೊಸೂರಿನ ಸುತ್ತ ಫ್ಯಾಕ್ಟರಿಗಳ ಗೋಡೆಗಳು ಆಗಷ್ಟೇ ಏಳುತ್ತಿದ್ದವು. ನಮ್ಮ ಶಾಲೆಯಿದ್ದದ್ದು ಉದ್ದನಪಲ್ಲಿಗೂ ಕೆಲಮಂಗಲಕ್ಕೂ ನಡುವಿನ ಒಂದು ರಾಗಿ ಹೊಲಗಳ ಊರಿನಲ್ಲಿ. ಒಂದೇ ಸೂರಿನ ಕೆಳಗೆ ತಮಿಳು ವಿಭಾಗ, ಕನ್ನಡ ವಿಭಾಗ. ಇಂಗ್ಲಿಷಿಗೆ ಮಾತ್ರ ಎರಡು ವಿಭಾಗಕ್ಕೂ ಒಬ್ಬರೇ ಮೇಷ್ಟ್ರು. ಹಾಗಾಗಿ ಆ ಒಂದು ಪೀರಿಯಡ್ಡಿಗೆ ಮಕ್ಕಳೆಲ್ಲ ಕೊನೆಯ ಕೊಠಡಿಯಲ್ಲಿ ಒಟ್ಟಿಗೆ ಕೂರುತ್ತಿದ್ದರು. ಅವರು ಒಂದು ವಾಕ್ಯವನ್ನು ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲಿ ಬಿಡಿಸಿ, ತಮಿಳಿನಲ್ಲಿ ಮಡಿಸಿ, ಕೊನೆಗೆ ತೆಲುಗಿನ ಮನೆಗಳಿಂದ ಬಂದ ಮಕ್ಕಳ ಕಡೆ ತಿರುಗಿ, "ಅರ್ಥಮಯಿಂದಾ?" ಎನ್ನುತ್ತಿದ್ದರು. ಇಷ್ಟಾದ ಮೇಲೆಯೇ ಮುಂದಿನ ವಾಕ್ಯ.

ಐವತ್ತರ ಹತ್ತಿರದ ವಯಸ್ಸು, ತೆಳ್ಳನೆಯ ಆಳು. ಕತ್ತಿನವರೆಗೆ ಗುಂಡಿ ಹಾಕಿದ ಬಿಳಿ ಅಂಗಿ. ಬಡಗಿ ಪೆನ್ಸಿಲ್ ಇಟ್ಟುಕೊಳ್ಳುವಂತೆ ಬಲಗಿವಿಯ ಮೇಲೆ ಸದಾ ಒಂದು ಸೀಮೆಸುಣ್ಣ. ಕಾಲಲ್ಲಿ ಟೈರಿನ ಚಪ್ಪಲಿ. ಆ ಚಪ್ಪಲಿಯನ್ನು ಅವರು ಗೌಡರ ಬೀದಿಯಲ್ಲೂ ಬಿಡುತ್ತಿರಲಿಲ್ಲ. ಅವರು ಅಂಚೆಟ್ಟಿ ಕಡೆಯ ಕಾಡಂಚಿನ ಹಳ್ಳಿಯೊಂದರಲ್ಲಿ, ತಮಟೆ ಬಡಿಯುವವರ ಕೇರಿಯಲ್ಲಿ ಹುಟ್ಟಿದವರೆಂಬುದು ಇಡೀ ಊರಿಗೆ ಗೊತ್ತಿತ್ತು. ಆ ಕೇರಿಯಿಂದ ಬಂದವನು ನಡುಬೀದಿಯಲ್ಲಿ ಚಪ್ಪಲಿ ಸದ್ದು ಮಾಡಿಕೊಂಡು ನಡೆಯುವುದು ಅಲ್ಲಿ ಹೊಸದು. ಅವರು ಬೇಕೆಂದೇ ಕಾಲು ಎತ್ತಿಡುತ್ತಿದ್ದರೋ, ಟೈರೇ ಹಾಗೋ, ನನಗೆ ಇವತ್ತಿಗೂ ತಿಳಿಯದು. ಸದ್ದಂತೂ ಶಾಲೆಯವರೆಗೆ ಕೇಳುತ್ತಿತ್ತು.

ಅವರ ಪಾಠದ ಕ್ರಮ ಹೀಗಿತ್ತು. ಇಂಗ್ಲಿಷಿನ ನುಡಿಗಟ್ಟು ಬಂದಾಗಲೆಲ್ಲ ಮಕ್ಕಳು ನೋಟ್‌ಬುಕ್ಕಿನ ಹಾಳೆಯ ನಡುವೆ ಗೆರೆ ಎಳೆಯಬೇಕು. ಎಡಕ್ಕೆ ಅರ್ಥ, ಬಲಕ್ಕೆ ಬಳಕೆ. ಅರ್ಥವನ್ನು ಅವರು ಹೇಳುತ್ತಿದ್ದರು. ಬಳಕೆಯನ್ನು ಮಕ್ಕಳೇ ಬರೆಯಬೇಕು. ಗೈಡಿನಿಂದ ಎತ್ತಿ ಬರೆದರೆ ಸೊನ್ನೆ. ಕಣ್ಣಾರೆ ಕಂಡದ್ದನ್ನು ಬರೆಯಬೇಕು. "ಅರ್ಥ ಪುಸ್ತಕದಲ್ಲಿ ಸಿಗ್ತದೆ. ಬಳಕೆ ಊರಲ್ಲಿ ಸಿಗ್ತದೆ. ಹುಡುಕ್ಕೊಂಡು ಬನ್ನಿ" ಎನ್ನುತ್ತಿದ್ದರು. ಮಕ್ಕಳು ಅದಕ್ಕಾಗಿ ಒಂದು ವಾರ ಊರೆಲ್ಲ ಕಣ್ಣಾಡಿಸಿಕೊಂಡು ಓಡಾಡುತ್ತಿದ್ದರು. ಯಾರ ಮನೆಯ ಜಗಳ ಯಾವ ನುಡಿಗಟ್ಟಿಗೆ ಹೊಂದುತ್ತದೆಂಬುದು ಅವರ ಕ್ಲಾಸಿಗೆ ಗೊತ್ತಿರುತ್ತಿತ್ತು.

ನಾನು ಕೋಲಾರದ ಕಡೆಯಿಂದ ಹೋಗಿ ಆ ಶಾಲೆಯ ಕನ್ನಡ ವಿಭಾಗಕ್ಕೆ ಮೇಷ್ಟ್ರಾಗಿ ಸೇರಿದ್ದು ಜೂನಿನಲ್ಲಿ. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಅವರು ಟವೆಲಿನಲ್ಲಿ ಸುತ್ತಿದ ಅಗಲವಾದ ಏನನ್ನೋ ಕಂಕುಳಲ್ಲಿಟ್ಟುಕೊಂಡು ಬಂದರು. ಮಕ್ಕಳು ಆಗಲೇ ಒಂದೊಂದು ಹಿಡಿ ರಾಗಿಹುಲ್ಲು ತಂದಿದ್ದರು. ಶಾಲೆಯ ಹಿಂದೆ ಹುಲ್ಲಿಗೆ ಬೆಂಕಿ ಕೊಟ್ಟು, ಟವೆಲು ಬಿಚ್ಚಿ ತಮಟೆ ತೆಗೆದರು. ತಂಪಿನಲ್ಲಿ ಇಳಿಬಿದ್ದ ಚರ್ಮ ಕಾಯದೆ ಸದ್ದು ಕೊಡುವುದಿಲ್ಲ. ಅವರು ಅದನ್ನು ಉರಿಯ ಮೇಲೆ ತಿರುಗಿಸುತ್ತಾ, ಬೆರಳಿನಿಂದ ತಟ್ಟಿ ಕಿವಿಗೊಡುತ್ತಾ, ಮತ್ತೆ ತಿರುಗಿಸುತ್ತಾ ಕಾಯಿಸಿದರು. ಬೆರಳಿನ ಸದ್ದು ಸೌದೆಯಂತಿದ್ದದ್ದು ಹಿತ್ತಾಳೆಯಂತಾದಾಗ ಕ್ಲಾಸಿಗೆ ನಡೆದರು.

ಅಂದಿನ ನುಡಿಗಟ್ಟು ಬೀಟ್ ಎ ರಿಟ್ರೀಟ್. ಪಠ್ಯದ ಯಾವುದೋ ಯುದ್ಧದ ಪಾಠದಲ್ಲಿತ್ತು. ನಾನು ಕಿಟಕಿಯ ಹೊರಗೆ ನಿಂತು ಕೇಳಿದೆ.

"ಹಿಂದಿನ ಕಾಲದ ಪಟ್ಟಾಳ, ಅಂದ್ರೆ ಸೈನ್ಯ. ಸಾವಿರ ಜನ ಹೊಡೆದಾಡ್ತವ್ರೆ. ದೂಳು, ಹೊಗೆ. ಹಿಂದಕ್ಕೆ ಬನ್ನಿ ಅಂತ ಕೂಗಿದ್ರೆ ಕೇಳ್ತದಾ? ಅದಕ್ಕೆ ತಮಟೆ ಬಡೀತಿದ್ರು. ಹಿಂಗೆ." ಬಡಿದರು. ಕೊಠಡಿಯ ಹೆಂಚು ಅದುರಿತು. "ಈ ಸದ್ದು ಕೇಳಿದ ಮೇಲೆ ಹಿಂದಕ್ಕೆ ಬರೋನು ಸಿಪಾಯಿ. ಕೇಳೋ ಮುಂಚೆ ಬಂದೋನು?"

"ಓಡ್ಹೋದೋನು ಸಾರ್!"

"ಆಮೇಲಾಮೇಲೆ ಅರ್ಥ ಸವೆದೋಯ್ತು. ಈಗ ಬೇಡದ ಜಾಗದಿಂದ ಯಾವನು ಬೇಗ ಕಾಲ್ಕಿತ್ತರೂ ಹಂಗೇ ಅಂತಾರೆ. ತಮಟೆ ಕಳೆದೋಗಿ ಬರೀ ಓಟ ಉಳ್ಕೊಂಡೈತೆ."

ಒಬ್ಬ ಹುಡುಗಿ ಎದ್ದು ಕೇಳಿದಳು: "ನಮ್ಮಲ್ಲೂ ಹಂಗೇ ಬಡೀತಾರಾ ಸಾರ್?"

ಅವರು ನಕ್ಕರು. "ನಮ್ಮಲ್ಲಿ ತಿರುಗಾ ಮುರುಗಾ ಕಣಮ್ಮ. ನಮ್ಮಪ್ಪ ರಾಗಿ ಹೊಲಕ್ಕೆ ಆನೆ ಬಂದ್ರೆ ತಮಟೆ ತಗೊಂಡು ಎದುರಿಗೆ ಹೋಗೋನು. ಇಂಗ್ಲಿಷ್ನೋನ ಪಟ್ಟಾಳದಲ್ಲಿ ಬಡಿದೋನು ಹಿಂದಕ್ಕೋಗ್ತಾನೆ. ಅಂಚೆಟ್ಟೀಲಿ ಬಡಿದೋನು ನಿಂತ್ಕೋತಾನೆ, ಆನೆ ಹಿಂದಕ್ಕೋಗ್ತದೆ."

ಮರುವಾರ ಬಳಕೆಗಳು ಬಂದವು. 'ನಮ್ಮಜ್ಜಿ ಪೊರಕೆ ಎತ್ತಿದಾಗ ನಮ್ಮ ಭಾವ ರಿಟ್ರೀಟ್ ಬಡಿದರು' ಎಂಬ ಅರ್ಥದ ಇಂಗ್ಲಿಷ್ ವಾಕ್ಯಕ್ಕೆ ಹತ್ತಕ್ಕೆ ಎಂಟು ಸಿಕ್ಕಿತು. ಸ್ಟಾಫ್ ರೂಮಿನಲ್ಲಿ ಅದನ್ನು ಓದಿ ಹೇಳಿ ಅವರು ಕಣ್ಣೊರೆಸಿಕೊಂಡು ನಕ್ಕಿದ್ದರು.

ಮುಂದಿನ ಆಗಸ್ಟಿನ ಒಂದು ಬೆಳಿಗ್ಗೆ ಊರ ಗೌಡರು ತೀರಿಕೊಂಡರು. ಮೊದಲೆಲ್ಲ ದೊಡ್ಡ ಮನೆಯಲ್ಲಿ ಸಾವಾದರೆ ಆ ಊರಿನ ಕೇರಿಯಿಂದ ಐದಾರು ತಮಟೆ ಬರುತ್ತಿದ್ದವು, ಬರಲೇಬೇಕಿತ್ತು. ಆ ವರ್ಷ ಕೇರಿಯ ಗಂಡಸರು ಹೊಸೂರಿನ ಫ್ಯಾಕ್ಟರಿ ಕಟ್ಟಡಗಳ ಕೂಲಿಗೆ ಬೆಳಗಿನ ಬಸ್ಸಿನಲ್ಲೇ ಹೊರಟುಹೋಗುತ್ತಿದ್ದರು. ಆ ದಿನ ಉಳಿದಿದ್ದವನು ಕೈನಡುಕದ ಒಬ್ಬ ಮುದುಕ. ಗೌಡರ ಹೆಣ ಒಂಟಿ ತಮಟೆಯ ಹಿಂದೆ ಹೋಗುವುದೇ ಎಂದು ಮಾತಾಯಿತಂತೆ. ಹನ್ನೊಂದು ಗಂಟೆಗೆ ಗೌಡರ ತಮ್ಮ ಮತ್ತು ಅವರ ಅಳಿಯ ಶಾಲೆಯ ಜಗಲಿಗೆ ಬಂದರು.

ನಮ್ಮ ಹೆಡ್‌ಮಾಸ್ಟರು ಧರ್ಮಪುರಿ ಕಡೆಯ ತಮಿಳರು, ಸಾಧು ಮನುಷ್ಯರು. ನಿವೃತ್ತಿಗೆ ಎರಡು ವರ್ಷವಿತ್ತು. ಕಿಟಕಿಯಿಂದ ನೋಡಿದವರೇ ನನ್ನನ್ನು ಕರೆದು, "ಎದುಕ್ಕು ಸಾರ್ ವಂಬು? ನಮಗೇಕೆ ಈ ತಂಟೆ? ನೀವು ಕನ್ನಡದವರು. ಏನಾದರೂ ಹೇಳಿ ಕಳಿಸಿ" ಎಂದರು.

ನಾನು ಹೋದೆ.

"ಇಂಗ್ಲಿಷ್ ಮೇಷ್ಟ್ರು ಎಲ್ಲವ್ನೆ?" ಎಂದರು ಗೌಡರ ತಮ್ಮ.

"ಇವತ್ತು ರಜೆ. ಕೃಷ್ಣಗಿರಿಗೆ ಹೋಗಿದ್ದಾರೆ" ಎಂದೆ. ಹೇಳುವಾಗ ನಾನು ಅವರ ಮುಖ ನೋಡಲಿಲ್ಲ. ಕಂಬಕ್ಕೆ ಒರಗಿಸಿದ್ದ ಸೈಕಲ್ಲಿನ ಬೆಲ್ಲನ್ನು ನೋಡುತ್ತಿದ್ದೆ.

ಅದೇ ಹೊತ್ತಿಗೆ ಕೊನೆಯ ಕೊಠಡಿಯಿಂದ ಅವರ ದನಿ ಕೇಳಿತು. "ಮೂರನೇ ಬೆಂಚು! ಬಳಕೆ ಎಲ್ಲಯ್ಯಾ?"

ಅಳಿಯ ನಕ್ಕ. "ಕೃಷ್ಣಗಿರಿ ಬಲೇ ಹತ್ರ ಬಂದ್ಬುಟ್ಟೈತೆ ಮಾವ."

ನಗು ಕೇಳಿ ಅವರು ಹೊರಗೆ ಬಂದರು. ನನ್ನನ್ನು ನೋಡಿದರು, ಆ ಇಬ್ಬರನ್ನು ನೋಡಿದರು. ಬಾಗಿಲಲ್ಲಿ ಮಕ್ಕಳ ತಲೆಗಳು ತುಂಬಿಕೊಂಡವು.

"ಬಾರಯ್ಯ ಮೇಷ್ಟ್ರೇ. ನಮ್ಮಣ್ಣ ಹೋಗ್ಬುಟ್ಟ. ಗೊತ್ತಾಗೈತಲ್ಲ?"

"ಗೊತ್ತಾಯ್ತು. ಬೆಳಿಗ್ಗೆ ಮಕ್ಕಳನ್ನ ಎದ್ದು ನಿಲ್ಲಿಸಿ ಎರಡು ನಿಮಿಷ ಮೌನ ಮಾಡ್ಸಿದೀನಿ."

"ತಮಟೆಗೆ ಆಳಿಲ್ಲ. ನೀನು ಇಸ್ಕೂಲ್ನಾಗೆ ಪಸಂದಾಗಿ ಬಡೀತೀಯಂತೆ. ಬಂದು ನಾಕೇಟು ಬಡ್ದೋಗು."

"ಮಣ್ಣಿಗೆ ಬರ್ತೀನಿ ಗೌಡ್ರೆ. ನಾಕು ಗಂಟೆಗೆ, ಬೆಲ್ಲಾದ ಮೇಲೆ, ಎಲ್ಲರ ಜೊತೆ. ಬರಿಗೈಲಿ ಬರ್ತೀನಿ."

"ಬರಿಗೈಲಿ ಬರಕ್ಕೆ ಊರೇ ಐತೆ. ನಿಮ್ಮಪ್ಪ ಬಡೀತಿರ್ಲಿಲ್ವೇನ್ಲಾ?"

"ಬಡೀತಿದ್ರು. ಬಡೀತೀಯಾ ಅಂತ ಅವರನ್ನ ಯಾರೂ ಕೇಳಿರ್ಲಿಲ್ಲ. ನನ್ನ ನೀವು ಕೇಳ್ತಿದ್ದೀರಿ. ಕೇಳಿದ್ದಕ್ಕೆ ಹೇಳ್ತಿದ್ದೀನಿ. ಬಡಿಯಲ್ಲ."

ಅವರು ಕಿವಿಯ ಮೇಲಿನ ಸೀಮೆಸುಣ್ಣ ತೆಗೆದು ಮತ್ತೆ ಅಲ್ಲೇ ಇಟ್ಟರು. ಎರಡು ಸಲ ಹಾಗೆ ಮಾಡಿದರು. ಆಮೇಲೆ ಹೇಳಿದರು: "ನನ್ನ ತಮಟೆ ಕೇಳ್ಬೇಕು ಅಂದ್ರೆ ಸಂಕ್ರಾಂತಿ ಆದ್ಮೇಲೆ ಕ್ಲಾಸಿಗೆ ಬನ್ನಿ ಗೌಡ್ರೆ. ಕೊನೇ ಬೆಂಚಲ್ಲಿ ಜಾಗ ಕೊಡ್ತೀನಿ. ಚಪ್ಲಿ ಬಿಡ್ಬೇಕಾಗಿಲ್ಲ. ನಮ್ಮ ಕ್ಲಾಸಲ್ಲಿ ಯಾರೂ ಚಪ್ಲಿ ಬಿಡಂಗಿಲ್ಲ."

ಅವರಿಬ್ಬರೂ ಹೋದ ಮೇಲೆ ನನ್ನ ಕಡೆ ತಿರುಗಿ, "ನಾನು ಕೃಷ್ಣಗಿರಿಯಿಂದ ಯಾವಾಗ ಬಂದೆ ಸಾರ್?" ಎಂದರು. ತಮಾಷೆಯ ದನಿಯೇ. ನನಗೆ ಅವರ ಮುಖ ನೋಡಲಾಗಲಿಲ್ಲ. ಅವರ ಒಳ್ಳೆಯದಕ್ಕೇ ಸುಳ್ಳು ಹೇಳಿದೆನೆಂದು ಆಗ ನಂಬಿದ್ದೆ.

ಹೇಳಿದಂತೆ ನಾಲ್ಕು ಗಂಟೆಗೆ ಹೋದರು. ಮೆರವಣಿಗೆಯ ಮುಂದೆ ಆ ಮುದುಕ ಒಬ್ಬನೇ ತಮಟೆ ಬಡಿಯುತ್ತಿದ್ದ. ಏಟು ಬಿಟ್ಟುಬಿಟ್ಟು ಬೀಳುತ್ತಿತ್ತು. ಇವರು ಅವನ ಪಕ್ಕದಲ್ಲಿ, ಅವನ ನಿಧಾನಕ್ಕೆ ಹೆಜ್ಜೆ ಹೊಂದಿಸಿಕೊಂಡು, ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಮಣ್ಣಿನವರೆಗೂ ನಡೆದರು. ಚಪ್ಪಲಿ ಕಾಲಲ್ಲೇ ಇತ್ತು.

ತಿಥಿ ಮುಗಿಯುವವರೆಗೆ ಊರು ಸುಮ್ಮನಿತ್ತು. ಆಮೇಲೆ ಒಂದೊಂದೇ ಶುರುವಾಯಿತು. ಹಾಲಿನವಳು ಅವರ ಬಾಗಿಲು ದಾಟಿ ಹೋದಳು. ಕ್ಷೌರದವನು, "ಕತ್ರಿ ಸಾಣೆಗೆ ಹೋಗೈತೆ" ಎಂದ. ತಿಂಗಳಾದರೂ ಅದು ಸಾಣೆಯಿಂದ ಬರಲಿಲ್ಲ. ಅವರು ಬಾಡಿಗೆಗಿದ್ದ ಒಂಟಿ ಕೋಣೆ ಗೌಡರ ನೆಂಟರದು. ಅದಕ್ಕೆ ಬೀಗ ಬಿತ್ತು. ಗೌಡರ ತಮ್ಮ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಎಲ್ಲರೆದುರು ಹೇಳಿದರು: "ಆ ಇಸ್ಕೂಲಿಂದ ಇನ್ನೊಂದ್ ಸಲ ತಮಟೆ ಸದ್ದು ಕೇಳ್ಲಿ. ನಮ್ ಮಕ್ಳನ್ನೆಲ್ಲ ಬಿಡ್ಸಿ ಕೆಲಮಂಗಲಕ್ಕೆ ಹಾಕ್ತೀವಿ. ಕನ್ನಡ ಸೆಕ್ಷನ್ನೂ ಇರಲ್ಲ, ಅವನೂ ಇರಲ್ಲ."

ಅದು ಬರಿಯ ಬಾಯಿಮಾತಲ್ಲ ಎಂಬುದು ನಮಗೆಲ್ಲ ಗೊತ್ತಿತ್ತು. ಮಕ್ಕಳ ತಲೆ ಕಡಿಮೆಯಾದರೆ ವಿಭಾಗ ಮುಚ್ಚುತ್ತದೆ. ವಿಭಾಗ ಮುಚ್ಚಿದರೆ ನನ್ನ ಕೆಲಸವೂ ಹೋಗುತ್ತದೆ. ಇದನ್ನು ನಾನು ಮರೆಮಾಚುವುದಿಲ್ಲ.

ಇಂಗ್ಲಿಷ್ ಮೇಷ್ಟ್ರು ಕೆಲಮಂಗಲದಲ್ಲಿ ಕೋಣೆ ಹಿಡಿದು ಬೆಳಗಿನ ಬಸ್ಸಿಗೆ ಬರತೊಡಗಿದರು. ಬಸ್ಸು ಕೈಕೊಟ್ಟ ದಿನ ನಡೆದೇ ಬರುತ್ತಿದ್ದರು. ಒಮ್ಮೆಯೂ ಬೆಲ್ಲು ತಪ್ಪಿಸಲಿಲ್ಲ. "ಅಂತೂ ಊರು ಬಿಟ್ರಂತಲ್ಲ ಮೇಷ್ಟ್ರು" ಎಂದು ಯಾರೋ ಬೀದಿಯಲ್ಲಿ ಕೆಣಕಿದರೆ ನಿಲ್ಲದೆ ಉತ್ತರಿಸಿದರು: "ಮನೆ ಹಿಂದಕ್ಕೋಗೈತೆ ಕಣಯ್ಯ. ನಾನಲ್ಲ."

ಸೆಪ್ಟೆಂಬರಿನಲ್ಲಿ ಹೆಡ್‌ಮಾಸ್ಟರು ನನಗೆ ಇನ್ನೊಂದು ಕೆಲಸ ಹೇಳಿದರು. ಇಂಗ್ಲಿಷ್ ಮೇಷ್ಟ್ರ ಪರವಾಗಿ ವರ್ಗಾವಣೆಯ ಅರ್ಜಿ ಬರೆದುಕೊಡಬೇಕು. ಅವರು ಸಹಿ ಹಾಕಿದರೆ ಸಾಕು, ಮಿಕ್ಕಿದ್ದನ್ನು ತಾವು ನೋಡಿಕೊಳ್ಳುವುದಾಗಿ ಹೇಳಿದರು. ನಾನು ಒಂದು ಸಂಜೆಯೆಲ್ಲ ಕೂತು, ಒಳ್ಳೆಯ ಬಿಳಿ ಕಾಗದದಲ್ಲಿ, ಆರೋಗ್ಯದ ಕಾರಣ ತೋರಿಸಿ, ನನಗೆ ಬರುವ ಅತ್ಯುತ್ತಮ ಇಂಗ್ಲಿಷಿನಲ್ಲಿ ಬರೆದೆ. ಸಹಿಯ ಜಾಗ ಖಾಲಿ ಬಿಟ್ಟು ಅವರ ಹಾಜರಿ ಪುಸ್ತಕದೊಳಗೆ ಇಟ್ಟೆ. ಕೈಗೆ ಕೊಡಲು ಧೈರ್ಯವಾಗಲಿಲ್ಲ.

ಮರುದಿನ ಸ್ಟಾಫ್ ರೂಮಿನಲ್ಲಿ ಅದನ್ನು ನನ್ನ ಮುಂದೆ ಹರಡಿದರು. ಕೆಂಪು ಶಾಯಿಯಲ್ಲಿ ತಿದ್ದಿದ್ದರು. ಸಹಿಯ ಜಾಗದಲ್ಲಿ ಹತ್ತಕ್ಕೆ ಆರು ಎಂದು ಅಂಕ ಹಾಕಿ, ಕೆಳಗೆ ಕನ್ನಡದಲ್ಲಿ ಬರೆದಿದ್ದರು: 'ಅರ್ಥ ಸರಿ. ಬಳಕೆ ತಪ್ಪು.'

ನಾನು ಅದನ್ನು ಹರಿದುಹಾಕಲು ಕೈ ಚಾಚಿದೆ. ಅವರು ಕೊಡಲಿಲ್ಲ.

"ಇರ್ಲಿ ಬಿಡಿ ಸಾರ್. ಒಳ್ಳೇ ಕಾಗದ. ಕೆಲ್ಸಕ್ಕೆ ಬರ್ತದೆ" ಎಂದು ಮಡಿಸಿ ಜೇಬಿಗಿಟ್ಟುಕೊಂಡರು.

ಸಂಕ್ರಾಂತಿ ಬಂತು, ಹೋಯಿತು. ಪಠ್ಯದಲ್ಲಿ ಯುದ್ಧದ ಪಾಠ ಹತ್ತಿರವಾಯಿತು. ತಮಟೆ ಬರುತ್ತದೋ ಇಲ್ಲವೋ ಎಂದು ಊರೆಲ್ಲ ಕಾಯುತ್ತಿತ್ತು. ಅವರು ಮಾತ್ರ ಅದರ ಸುದ್ದಿ ಎತ್ತಲಿಲ್ಲ. ಒಂದು ಬುಧವಾರ ಬೆಳಿಗ್ಗೆ ಟೈರಿನ ಚಪ್ಪಲಿಯ ಸದ್ದು ಕೇಳಿ ನಾನು ಜಗಲಿಗೆ ಬಂದೆ. ಗೌಡರ ಬೀದಿಯಿಂದ ಬರುತ್ತಿದ್ದರು. ತಮಟೆ ಹೆಗಲ ಮೇಲಿತ್ತು. ಈ ಸಲ ಟವೆಲು ಸುತ್ತಿರಲಿಲ್ಲ.

ಶಾಲೆಯ ಹಿಂದೆ ಹೋಗಿ ನಿಂತರು. ಹುಲ್ಲಿರಲಿಲ್ಲ. ಯಾರ ಬಣವೆಯಿಂದಲೂ ಒಂದು ಎಳೆ ಶಾಲೆಗೆ ಹೋಗಕೂಡದೆಂದು ಹಿಂದಿನ ದಿನವೇ ಮಾತಾಗಿತ್ತು. ಮಕ್ಕಳು ಬರಿಗೈಯಲ್ಲಿ, ತಲೆ ತಗ್ಗಿಸಿ ನಿಂತಿದ್ದರು. ಅವರು ಬೆರಳಿನಿಂದ ಚರ್ಮ ತಟ್ಟಿದರು. ಸೌದೆಯ ಸದ್ದು.

"ಕಾಯದೆ ಹೋದ್ರೆ ಕೂಗಲ್ಲ ಇದು" ಎಂದರು. ಯಾರಿಗೆ ಹೇಳಿದರೋ ಗೊತ್ತಿಲ್ಲ. ನನ್ನ ಕಡೆ ನೋಡಲಿಲ್ಲ.

ನನ್ನ ಬಾಡಿಗೆಮನೆಯ ಹಿತ್ತಲಲ್ಲಿ ರಾಗಿಹುಲ್ಲಿನ ಬಣವೆಯಿತ್ತು. ನಾನು ನಡೆದುಹೋಗಿ ಎರಡು ತೋಳಿನ ತುಂಬ ಎಳೆದುಕೊಂಡೆ. ಮನೆಯೊಡತಿ ಅಜ್ಜಿ ಬಾಗಿಲಲ್ಲಿ ನಿಂತು ನೋಡಿದರು. ಬೇಡವೆನ್ನಲಿಲ್ಲ, ಹೂಂ ಎನ್ನಲಿಲ್ಲ. ವಾಪಸ್ ಬರಲು ಇದ್ದದ್ದು ಟೀ ಅಂಗಡಿಯ ಮುಂದಿನ ದಾರಿ ಒಂದೇ. ಬೆಂಚಿನ ಮೇಲೆ ಗೌಡರ ತಮ್ಮ ಕೂತಿದ್ದರು.

"ಎತ್ಲಾಗೆ ಮೇಷ್ಟ್ರೇ ಹುಲ್ಲು? ಇಸ್ಕೂಲ್ನಾಗೆ ಹಸ ಕಟ್ಟಿದ್ದೀರಾ?"

ಸುತ್ತ ಕೂತವರು ನಕ್ಕರು. ಹಸುವೆಂದೇ ಹೇಳಿ ದಾಟಿಬಿಡಬಹುದಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತೆಂಬುದನ್ನೂ ಬರೆಯುತ್ತೇನೆ.

"ಇಲ್ಲ. ತಮಟೆ ಕಾಯಿಸೋಕೆ" ಎಂದೆ.

"ಏನಂದ್ರಿ?"

"ತಮಟೆ ಕಾಯಿಸೋಕೆ" ಎಂದೆ, ಇನ್ನೂ ಗಟ್ಟಿಯಾಗಿ. ಈ ಸಲ ಅವರ ಮುಖ ನೋಡಿದೆ. ಅವರು ಟೀ ಲೋಟವನ್ನು ಬೆಂಚಿನ ಮೇಲಿಟ್ಟರು. ಏಳಲಿಲ್ಲ. ನಾನು ನಡೆದೆ.

ಹುಲ್ಲನ್ನು ಇಂಗ್ಲಿಷ್ ಮೇಷ್ಟ್ರ ಮುಂದೆ ಹಾಕಿದೆ. ಅವರು ಜೇಬಿಗೆ ಕೈಹಾಕಿ ಮಡಿಸಿದ ಬಿಳಿ ಕಾಗದ ತೆಗೆದರು. ನನ್ನ ಕೈಬರಹ, ಅವರ ಕೆಂಪು ಶಾಯಿ. ಕಡ್ಡಿ ಗೀರಿ ಅದಕ್ಕೆ ಹಚ್ಚಿ, ಉರಿಯುವ ಕಾಗದವನ್ನು ಹುಲ್ಲಿನ ಅಡಿಗೆ ತೂರಿಸಿದರು. "ಹೇಳಿರ್ಲಿಲ್ವಾ ಸಾರ್, ಕೆಲ್ಸಕ್ಕೆ ಬರ್ತದೆ ಅಂತ?"

ಹೆಡ್‌ಮಾಸ್ಟರರ ಕಿಟಕಿ ಮುಚ್ಚಿಕೊಂಡಿತು. ಇಂಗ್ಲಿಷ್ ಮೇಷ್ಟ್ರು ಎಂದಿನಂತೆ ನಿಧಾನವಾಗಿ, ತಿರುಗಿಸಿ ತಿರುಗಿಸಿ ಕಾಯಿಸಿದರು.

ಆ ದಿನ ಕ್ಲಾಸಿನಲ್ಲಿ ಏಳು ಮಕ್ಕಳು ಇರಲಿಲ್ಲ. ಆ ಏಳರಲ್ಲಿ ಐವರು ಕೆಲಮಂಗಲಕ್ಕೆ ಹೋದರು. ಬಸ್ಸಿನ ಕಾಟಕ್ಕೆ ಜೂನಿನಲ್ಲಿ ಮೂವರು ವಾಪಸ್ ಬಂದರು. ವಿಭಾಗ ಮುಚ್ಚಲಿಲ್ಲ. ನಾನು ಮರುವರ್ಷ ಬೇರೆ ಊರಿಗೆ ಹೋದೆ. ಅವರು ಅಲ್ಲಿಂದಲೇ ನಿವೃತ್ತರಾದರೆಂದು ಆಮೇಲೆ ಕೇಳಿದೆ. ಇವೆಲ್ಲ ಬಳಿಕದ ಮಾತು. ಆ ಬೆಳಿಗ್ಗೆ ನಮಗ್ಯಾರಿಗೂ ಏನಾಗುವುದೆಂದು ತಿಳಿದಿರಲಿಲ್ಲ.

ಅವರು ಪಟ್ಟಾಳದ ಕತೆ ಹೇಳಿದರು. ಬಡಿದರು. ಅರ್ಥವನ್ನು ಮೂರು ಭಾಷೆಯಲ್ಲಿ ಹೇಳಿ, "ಈಗ ಬಳಕೆ. ವಾರ ಕಾಯೋದ್ ಬೇಡ. ಇವತ್ತೇ, ಇಲ್ಲೇ" ಎಂದರು. ಮಕ್ಕಳು ತಲೆ ಬಗ್ಗಿಸಿದರು. ಅವರು ಬಾಗಿಲಲ್ಲಿ ನಿಂತಿದ್ದ ನನಗೊಂದು ಹಾಳೆ ಹರಿದುಕೊಟ್ಟರು.

"ನೀವೂ ಬರೀರಿ ಸಾರ್."

ಗೌಡರ ತಮ್ಮನಿಗೆಂದು ಹೇಳಿದ್ದ ಆ ಕೊನೆಯ ಬೆಂಚಿನಲ್ಲಿ ನಾನು ಕೂತೆ. ಹಾಳೆಯ ನಡುವೆ ಗೆರೆ ಎಳೆದೆ. ಬಲಗಡೆ ಇಂಗ್ಲಿಷಿನಲ್ಲಿ ಒಂದು ವಾಕ್ಯ ಬರೆದೆ. ಅದರ ಸಾರ ಇಷ್ಟು: 'ಹೋದ ಆಗಸ್ಟಿನಲ್ಲಿ ಶಾಲೆಯ ಜಗಲಿಯ ಮೇಲೆ, ಯಾರೂ ತಮಟೆ ಬಡಿಯದಿದ್ದರೂ, ನಾನು ಹಿಂದಕ್ಕೆ ಓಡಿದೆ.'

ಅವರು ಓದಿದರು. ಇನ್ನೊಮ್ಮೆ ಓದಿದರು. ಕೆಂಪು ಪೆನ್ನು ತೆಗೆದು ಹತ್ತಕ್ಕೆ ಹತ್ತು ಹಾಕಿದರು. ಅವರ ಕ್ಲಾಸಿನಲ್ಲಿ ಅದಕ್ಕೆ ಮೊದಲು ಯಾರಿಗೂ ಹತ್ತು ಬಂದಿರಲಿಲ್ಲವೆಂದು ಮಕ್ಕಳು ಹೇಳಿದರು.

ಆಮೇಲೆ ಅವರು ಊರ ಕಡೆಯ ಕಿಟಕಿಯ ಎರಡೂ ಬಾಗಿಲನ್ನು ಹೊರಕ್ಕೆ ತಳ್ಳಿದರು. ಟೀ ಅಂಗಡಿಯ ಬೆಂಚು ಅಲ್ಲಿಂದ ನೇರಕ್ಕೆ ಕಾಣುತ್ತಿತ್ತು. ತಮಟೆಯನ್ನು ಎದೆಗೇರಿಸಿಕೊಂಡು, "ಇದು ಇಂಗ್ಲಿಷ್ನೋರದಲ್ಲ, ಅಂಚೆಟ್ಟಿದು. ಕೇಳಿಸ್ಕೊಳ್ಳಿ" ಎಂದು, ಕಿಟಕಿಗೆ ಎದುರಾಗಿ ನಿಂತು ಬಡಿಯತೊಡಗಿದರು.